ಹಾರಲಾರದ ರೋವ್ ಜೀರುಂಡೆ: ಬೆಟ್ಟದ ತರಗಿನಿಂದ ಪ್ರಭೇದ ವಿವರಣೆಯವರೆಗೆ

ದೇವರಾಯನದುರ್ಗದ ಕಾಡಿನಲ್ಲೋ ನಂದಿಬೆಟ್ಟದ ಇಳಿಜಾರಿನಲ್ಲೋ ಒಳ್ಳೆ ಮಳೆ ಬಿದ್ದ ಮೇಲೆ ತರಗೆಲೆಯನ್ನು ಜರಡಿ ಹಿಡಿದು ನೋಡಿ. ಬಿಳಿ ಬಟ್ಟೆಯ ಮೇಲೆ ಉದುರುವ ಹುಳುಗಳಲ್ಲಿ ಕೆಲವು ಸರಸರ ಓಡುತ್ತವೆ, ತಡೆದರೆ ಹೊಟ್ಟೆಯ ತುದಿಯನ್ನು ಮೇಲೆತ್ತುತ್ತವೆ. ಮೈ ಉದ್ದ, ಆದರೆ ಮುಂರೆಕ್ಕೆಯ ಗಟ್ಟಿ ಹೊದಿಕೆ ಮೋಟು. ಹೊಟ್ಟೆಯ ಖಂಡಗಳು ಬಹುಪಾಲು ಬಯಲಿಗೇ ಬಿದ್ದಿರುತ್ತವೆ. ಇವು ಸ್ಟ್ಯಾಫಿಲಿನಿಡೇ ಕುಟುಂಬದ ರೋವ್ ಜೀರುಂಡೆಗಳು. ಜಗತ್ತಿನಲ್ಲಿ ಈಗಾಗಲೇ ಹೆಸರು ಪಡೆದ ಪ್ರಭೇದಗಳೇ 60,000ಕ್ಕೂ ಹೆಚ್ಚು. ಪಶ್ಚಿಮ ಘಟ್ಟಕ್ಕೆ ಹೋದಷ್ಟು ಜನ ಬಯಲುಸೀಮೆಯ ಬೆಟ್ಟಗಳ ತರಗು ಕೆದಕಿಲ್ಲ. ಹಾಗಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಹೆಸರಿಲ್ಲದ ಹುಳು ಸಿಗುವ ಸಾಧ್ಯತೆ ನಿಜಕ್ಕೂ ಇದೆ. ಸಿಕ್ಕಿದ್ದು ಹೊಸದೇ ಎಂದು ತೋರಿಸಿಕೊಡುವುದರಲ್ಲಿದೆ ಕಷ್ಟ.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ಹುಳು ಹಾರಲಾರದು ಎಂದ ಮಾತ್ರಕ್ಕೆ ಅದು ಹೊಸ ಪ್ರಭೇದ ಆಗುವುದಿಲ್ಲ. ಈ ಕುಟುಂಬದಲ್ಲಿ ಹಿಂರೆಕ್ಕೆ ಕಳೆದುಕೊಂಡ ಕುಲಗಳು ಬೇಕಾದಷ್ಟಿವೆ. ಒಂದೇ ಪ್ರಭೇದದಲ್ಲಿ ಉದ್ದ ರೆಕ್ಕೆಯವೂ ಮೋಟು ರೆಕ್ಕೆಯವೂ ಒಟ್ಟಿಗೆ ಇರುವುದುಂಟು. ರೆಕ್ಕೆ ಇಲ್ಲದ್ದರಿಂದ ನಮಗೆ ತಿಳಿಯುವುದು ಇನ್ನೊಂದು: ಈ ಹುಳು ಬೆಟ್ಟ ಬಿಟ್ಟು ಕದಲಿಲ್ಲ. ಎರಡು ಬೆಟ್ಟಗಳ ನಡುವಿನ ಒಣ ಬಯಲು, ಹೊಲ, ದ್ರಾಕ್ಷಿ ತೋಟ ದಾಟುವ ಶಕ್ತಿ ಅದಕ್ಕಿಲ್ಲ. ಎಲ್ಲಿ ಹುಡುಕಬೇಕು ಎಂಬುದಕ್ಕೆ ರೆಕ್ಕೆ ಸುಳಿವು ಕೊಡುತ್ತದೆ. ಹೊಸದೋ ಹಳೆಯದೋ ಎಂಬ ತೀರ್ಮಾನಕ್ಕೆ ಗಂಡಿನ ಜನನಾಂಗವನ್ನೂ ಪಕ್ಕದ ಬೆಟ್ಟದ ಹುಳುವನ್ನೂ ನೋಡಲೇಬೇಕು.

ಮೊದಲು ಕಾಗದ ಪತ್ರ

ಮೀಸಲು ಅರಣ್ಯದೊಳಗೆ ಒಂದು ಹಿಡಿ ತರಗು ತೆಗೆಯುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅರ್ಜಿ ಮಲ್ಲೇಶ್ವರದ ಅರಣ್ಯ ಭವನಕ್ಕೆ; ಪ್ರತಿ ಆಯಾ ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ. ಅರ್ಜಿಯಲ್ಲಿ ಬೆಟ್ಟಗಳ ಹೆಸರು, ತಿಂಗಳು, ಎಷ್ಟು ಚದರ ಮೀಟರ್ ತರಗು, ಮಾದರಿಗಳನ್ನು ಕೊನೆಗೆ ಯಾವ ಸಂಗ್ರಹಾಲಯದಲ್ಲಿ ಇಡುತ್ತೀರಿ ಎಂಬುದನ್ನೆಲ್ಲ ಬರೆಯಿರಿ. ‘ಕೀಟ ಸಂಗ್ರಹ’ ಎಂದಷ್ಟೇ ಬರೆದರೆ ಕಡತ ಪ್ರಶ್ನೆಯೊಂದಿಗೆ ವಾಪಸ್ ಬರುತ್ತದೆ. ಕಾಲೇಜು ಅಥವಾ ಸಂಸ್ಥೆಯ ಪತ್ರ ಜೊತೆಗಿದ್ದರೆ ಕೆಲಸ ಹಗುರ. ಊರ ಗುಂಡುತೋಪು, ದೇವರಕಾಡುಗಳಾದರೆ ಗ್ರಾಮ ಪಂಚಾಯಿತಿಯನ್ನೂ ಅದರ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಕೇಳಿ.

2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ನೆನಪಿರಲಿ. ಹೊಸ ಪ್ರಭೇದ ಕಂಡುಹಿಡಿದವರು ಅದನ್ನು ಸರ್ಕಾರ ಗುರುತಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲೇ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಅಂಥದ್ದೊಂದು. ಹುಳುವನ್ನು ಹೊರದೇಶದ ತಜ್ಞರಿಗೆ ಕೊರಿಯರ್ ಮಾಡುವ ಯೋಚನೆ ಬಂದರೆ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿ. ಫೋಟೋ ಕಳಿಸಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ತರಗು, ಜರಡಿ, ಬುರುಡೆ ದೀಪ

ಈ ಮೂರು ಜಿಲ್ಲೆಗಳಲ್ಲಿ ಮುಂಗಾರು ಮುಗಿದು ಹಿಂಗಾರು ಶುರುವಾಗುವ ಕಾಲವೇ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತರಗು ಕೆಳಪದರದವರೆಗೂ ತೇವವಾಗಿರುತ್ತದೆ. ಬೇಸಿಗೆಯಲ್ಲಿ ಹುಳು ಸತ್ತಿರುವುದಿಲ್ಲ. ಬಂಡೆ ಸಂದಿಗೆ, ಮಣ್ಣಿನ ಬಿರುಕಿಗೆ ಇಳಿದಿರುತ್ತದೆ. ಜರಡಿಗೆ ಸಿಗುವುದಿಲ್ಲ, ಅಷ್ಟೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಬಂಡೆಗಳ ಬುಡದಲ್ಲಿ ನೀರು ಜಿನುಗುವ ಜಾಗ, ಹಳೆ ಮರದ ಬೇರಿನ ಸಂದು, ಕೊಳೆತ ದಿಮ್ಮಿಯ ಅಡಿ ಮೊದಲು ನೋಡಿ. ನೀಲಗಿರಿ ತೋಪಿನ ತರಗು ಬೇಗ ಒಣಗಿಬಿಡುತ್ತದೆ, ಅಲ್ಲಿ ಹೊತ್ತು ಕಳೆಯಬೇಡಿ.

ಮೇಲಿನ ಒಣ ಎಲೆಯನ್ನು ಸರಿಸಿ, ಅದರಡಿಯ ಅರೆ ಕೊಳೆತ ಕಪ್ಪು ಪದರವನ್ನು ಮಣ್ಣು ತಾಗುವವರೆಗೆ ಬಾಚಿ. 8ರಿಂದ 10 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿ ಹಾಕಿದ ಜರಡಿಯಲ್ಲಿ ಅಲುಗಾಡಿಸಿ, ಕೆಳಗೆ ಬಿದ್ದ ಪುಡಿಯನ್ನು ಹತ್ತಿ ಬಟ್ಟೆಯ ಚೀಲಕ್ಕೆ ತುಂಬಿ. ಪ್ಲಾಸ್ಟಿಕ್ ಕವರ್ ಬೇಡ: ಬಿಸಿಲಲ್ಲಿ ಒಳಗೆ ಬೆವೆತು, ಸಂಜೆ ಹೊತ್ತಿಗೆ ಹುಳುಗಳೆಲ್ಲ ಸತ್ತು ಮೆತ್ತಗಾಗಿರುತ್ತವೆ. ಚೀಲವನ್ನು ನೆರಳಲ್ಲೇ ಇಡಿ.

ಪುಡಿಯಿಂದ ಹುಳು ಬೇರ್ಪಡಿಸಲು ಎರಡು ದಾರಿ. ವಿಂಕ್ಲರ್ ಚೀಲವಾದರೆ ತರಗಿನ ಪುಡಿಯನ್ನು ಬಲೆ ಚೀಲಕ್ಕೆ ತುಂಬಿ, ಅದನ್ನು ಬಟ್ಟೆಯ ಹೊರಚೀಲದೊಳಗೆ ತೂಗುಬಿಟ್ಟು, ತಳದಲ್ಲಿ ಆಲ್ಕೋಹಾಲ್ ಲೋಟ ಕಟ್ಟಿ ಎರಡು ಮೂರು ದಿನ ಬಿಡುವುದು. ಪುಡಿ ಒಣಗುತ್ತ ಬಂದಂತೆ ಹುಳು ತಾನಾಗಿ ಹೊರಬಂದು ಬೀಳುತ್ತದೆ. ಟೈಲರ್ ಅಂಗಡಿಯಲ್ಲಿ ಹೊಲಿಸಬಹುದು, ಕರೆಂಟ್ ಬೇಡ. ಇನ್ನೊಂದು ಬರ್ಲೀಸ್ ಆಲಿಕೆ: ದೊಡ್ಡ ಆಲಿಕೆ, ಬಾಯಿಗೆ ಜಾಲರಿ, ಮೇಲೆ 40 ವಾಟ್‌ನ ಹಳೇ ಕಾಲದ ಬುರುಡೆ ದೀಪ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ತರಗು ಒಣಗುವಷ್ಟು ಶಾಖ ಬರುವುದಿಲ್ಲ. ಮೊದಲ ದಿನ ದೀಪವನ್ನು ಎತ್ತರದಲ್ಲಿ ಕಟ್ಟಿ, ಆಮೇಲೆ ಇಳಿಸಿ. ಆರಂಭದಲ್ಲೇ ಬಿಸಿ ಜಾಸ್ತಿಯಾದರೆ ಸಣ್ಣ ಹುಳುಗಳು ಕೆಳಗಿಳಿಯುವ ಮೊದಲೇ ಒಣಗಿ ಸಾಯುತ್ತವೆ.

ಕೈಯಿಂದ ಹಿಡಿಯುವಾಗ ಒಂದು ಎಚ್ಚರ. ಕಿತ್ತಳೆ ಮತ್ತು ಕಪ್ಪು ಬಣ್ಣದ ಪೀಡೆರಸ್ ಕುಲದ ಹುಳು ಇದೇ ಕುಟುಂಬದ್ದು. ಅದನ್ನು ಚರ್ಮದ ಮೇಲೆ ಉಜ್ಜಿದರೆ ಪೆಡೆರಿನ್ ಎಂಬ ವಿಷ ತಾಗಿ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ‘ಆಸಿಡ್ ಫ್ಲೈ’ ಎಂದು ಸುದ್ದಿಯಾಗುವುದು ಇದೇ. ಹಾರಲಾರದ ಪೀಡೆರಸ್‌ಗಳೂ ಇವೆ. ಬಾಯಿಂದ ಎಳೆಯುವ ಹೀರುಕೊಳವೆಯನ್ನು ರೋವ್ ಜೀರುಂಡೆಗೆ ಬಳಸಬೇಡಿ, ಅನೇಕ ಪ್ರಭೇದಗಳು ಘಾಟು ರಸ ಬಿಡುತ್ತವೆ. ಒದ್ದೆ ಮಾಡಿದ ಸಣ್ಣ ಬ್ರಷ್ ಸಾಕು.

ಒಂದಷ್ಟು ಹುಳುಗಳನ್ನು 95–96 ಶೇಕಡಾ ಈಥೈಲ್ ಆಲ್ಕೋಹಾಲ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಇವು ಡಿಎನ್‌ಎಗೆ. ಒದ್ದೆ ತರಗಿನ ಹುಳು ನೀರನ್ನೂ ತರುವುದರಿಂದ ಮರುದಿನ ಆಲ್ಕೋಹಾಲ್ ಬದಲಿಸಿ. ಈ ಬಲದ ಆಲ್ಕೋಹಾಲ್‌ನಲ್ಲಿ ಸತ್ತ ಹುಳು ಸೆಟೆದುಕೊಂಡು, ಮುಟ್ಟಿದರೆ ಕಾಲು ಮುರಿಯುತ್ತದೆ. ಆದ್ದರಿಂದ ಕೊಯ್ದು ನೋಡಬೇಕಾದವನ್ನು ಬೇರೆಯಾಗಿ ಈಥೈಲ್ ಅಸಿಟೇಟ್ ಆವಿಯಲ್ಲಿ ಕೊಂದು 70 ಶೇಕಡಾದಲ್ಲಿ ಇಡುವುದು ಒಳ್ಳೆಯದು. ಈಥೈಲ್ ಆಲ್ಕೋಹಾಲ್ ಕೊಳ್ಳಲು ಅಬಕಾರಿ ಪರವಾನಗಿ ಬೇಕಾಗುವುದರಿಂದ ಸಂಸ್ಥೆಯ ಮೂಲಕ ತರಿಸಿ.

ಸೀಸೆಯೊಳಗಿನ ಚೀಟಿ

ಚೀಟಿ ಸೀಸೆಯ ಒಳಗೇ ಇರಬೇಕು, ಮುಚ್ಚಳದ ಮೇಲಲ್ಲ. ಪೆನ್ಸಿಲ್ ಅಥವಾ ಪಿಗ್ಮೆಂಟ್ ಶಾಯಿ ಬಳಸಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ನೀರು ನೀಲಿಯಾಗುತ್ತದೆ, ಚೀಟಿ ಖಾಲಿ ಉಳಿಯುತ್ತದೆ. ಬರೆಯಬೇಕಾದದ್ದು ಇಷ್ಟು: ದೇಶ, ರಾಜ್ಯ, ಜಿಲ್ಲೆ, ಬೆಟ್ಟ ಮತ್ತು ಇಳಿಜಾರಿನ ದಿಕ್ಕು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಆವಾಸ, ವಿಧಾನ, ಸಂಗ್ರಹಿಸಿದವರ ಹೆಸರು. ಉದಾಹರಣೆಗೆ ‘ಭಾರತ, ಕರ್ನಾಟಕ, ಚಿಕ್ಕಬಳ್ಳಾಪುರ ಜಿಲ್ಲೆ, ನಂದಿಬೆಟ್ಟ, 13.3702 ಉತ್ತರ, 77.6835 ಪೂರ್ವ, ತೇವದ ತರಗು, ಜರಡಿ’. ದಶಮಾಂಶದ ನಾಲ್ಕನೇ ಸ್ಥಾನ ಎಂದರೆ ಸುಮಾರು 11 ಮೀಟರ್. ಅಷ್ಟು ನಿಖರತೆ ಸಾಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ 6–10 ಎಂಬುದು ಜೂನೋ ಅಕ್ಟೋಬರೋ ಎಂಬ ಗೊಂದಲ ಬರುವುದಿಲ್ಲ.

ಹಳೆಯ ಸಂಗ್ರಹಗಳ ಚೀಟಿ ಓದುವಾಗ ಜಿಲ್ಲೆಯ ಇತಿಹಾಸ ಗೊತ್ತಿರಬೇಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ನಂದಿಬೆಟ್ಟದ ಹುಳು ‘ಕೋಲಾರ ಜಿಲ್ಲೆ’ ಎಂಬ ಚೀಟಿಯಡಿ ಇರುತ್ತದೆ. 1973ಕ್ಕೆ ಹಿಂದಿನದಾದರೆ ‘ನಂದಿದ್ರುಗ್, ಮೈಸೂರು ರಾಜ್ಯ’ ಎಂದಿರಬಹುದು. ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್‌ನಲ್ಲಿ. ಗಣಕದಲ್ಲಿ ಒಂದೇ ಕಾಗುಣಿತ ಹಾಕಿ ಹುಡುಕಿದವರಿಗೆ ಅರ್ಧ ದಾಖಲೆ ತಪ್ಪಿಹೋಗುತ್ತದೆ.

ನಿಜಕ್ಕೂ ಹಾರಲಾರದೇ?

ಮುಂರೆಕ್ಕೆ ಮೋಟಾಗಿದೆ ಎಂದು ನಿರ್ಧರಿಸಬೇಡಿ. ಹಾರುವ ರೋವ್ ಜೀರುಂಡೆಗೂ ಮುಂರೆಕ್ಕೆ ಮೋಟೇ. ಉದ್ದನೆಯ ಹಿಂರೆಕ್ಕೆಯನ್ನು ಅದು ಅದರಡಿ ಮಡಚಿ ಇಟ್ಟುಕೊಂಡಿರುತ್ತದೆ. ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಅತಿ ಸಣ್ಣ ಸೂಜಿಯಿಂದ ಒಂದು ಮುಂರೆಕ್ಕೆಯನ್ನು ಮೆಲ್ಲಗೆ ಎಬ್ಬಿಸಿ ನೋಡಿ. ಮಡಿಕೆಯ ಪೊರೆ ಇದ್ದರೆ ಹಾರುವಂಥದ್ದು. ಚಿಕ್ಕ ಚಕ್ಕೆಯೋ ಮೊಂಡು ತುಣುಕೋ ಇದ್ದರೆ, ಅಥವಾ ಏನೂ ಇಲ್ಲದಿದ್ದರೆ, ಹಾರಲಾರದ್ದು.

ಇನ್ನೂ ಮೂರು ಕುರುಹುಗಳಿವೆ. ಹೊಟ್ಟೆಯ ಏಳನೇ ಬೆನ್ನುಫಲಕದ ಹಿಂಚು (ಹಿಂದಿನ ಅಂಚು) ನೋಡಿ: ಹಾರುವ ಹುಳುವಿನಲ್ಲಿ ಅಲ್ಲಿ ಬಿಳಿ ಕೂದಲ ಸಣ್ಣ ಸಾಲು ಇರುತ್ತದೆ, ಹಿಂರೆಕ್ಕೆ ಮಡಚಲು ಅದು ಬೇಕು. ಹಾರದ ಹುಳುಗಳಲ್ಲಿ ಈ ಸಾಲು ಸಾಮಾನ್ಯವಾಗಿ ಮಾಯ. 40 ಪಟ್ಟು ಹಿಗ್ಗಿಸಿ, ಪಕ್ಕದಿಂದ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಎರಡನೆಯದು ಭುಜ. ಹಾರುವುದಕ್ಕೆ ಭುಜ ಅಗಲ. ಹಾರದ್ದಕ್ಕೆ ಭುಜ ಇಳಿದು, ಮುಂರೆಕ್ಕೆ ಬುಡದಲ್ಲಿ ಕಿರಿದಾಗಿ ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ಮೂರನೆಯದು, ಮುಂರೆಕ್ಕೆ ಪ್ರೊನೋಟಮ್‌ಗಿಂತ (ತಲೆಯ ಹಿಂದಿರುವ ಎದೆಯ ಮೇಲ್ಫಲಕ) ಗಿಡ್ಡ. ಈ ನಾಲ್ಕನ್ನೂ ಒಂದೇ ಹುಳುವಿನಲ್ಲಿ ನೋಡಿ ಬಿಟ್ಟುಬಿಡಬೇಡಿ, ಕೈಲಿರುವ ಎಲ್ಲ ಮಾದರಿಗಳಲ್ಲೂ ನೋಡಿ. ಒಂದರಲ್ಲಿ ಪೂರ್ತಿ ರೆಕ್ಕೆ ಕಂಡರೆ ‘ರೆಕ್ಕೆ ದ್ವಿರೂಪ’ ಎಂದು ಬರೆಯಬೇಕಾಗುತ್ತದೆ.

ಕುಲ ಗುರುತಿಸಲು ಕುಡಿಮೀಸೆ ಎಲ್ಲಿಂದ ಹೊರಡುತ್ತದೆ ಎಂಬುದರಿಂದ ಶುರು ಮಾಡಿ. ಕಣ್ಣು ತಲೆಯ ಬದಿಯನ್ನೆಲ್ಲ ತುಂಬಿದ್ದು, ಕುಡಿಮೀಸೆ ಎರಡು ಕಣ್ಣುಗಳ ನಡುವಿನಿಂದ ಎದ್ದಿದ್ದರೆ ಅದು ಸ್ಟೀನಸ್ ಕುಲದ್ದಿರಬಹುದು. ಬಾಯಿಯ ಪಕ್ಕದ ಸಣ್ಣ ಸ್ಪರ್ಶಾಂಗದ (ಪಾಲ್ಪ್) ಕೊನೆಯ ಗಿಣ್ಣು ಅತಿ ಸಣ್ಣದಿದ್ದು ಕುತ್ತಿಗೆ ಕಿರಿದಾಗಿದ್ದರೆ ಪೀಡೆರಿನೇ ಉಪಕುಟುಂಬದತ್ತ ನೋಡಿ. ಪಾದದ ಗಿಣ್ಣುಗಳನ್ನು ಮುಂಗಾಲು, ನಡುಗಾಲು, ಹಿಂಗಾಲು ಮೂರರಲ್ಲೂ ಎಣಿಸಿ. ತಿಳಿ ಹಳದಿ ಹುಳು ಸಿಕ್ಕಿತೆಂದು ಹಿಗ್ಗುವ ಮೊದಲು ಅದು ಆಗಷ್ಟೇ ಪೊರೆ ಕಳಚಿ ಹೊರಬಂದ ಎಳೆಯದೇ ಎಂದು ನೋಡಿಕೊಳ್ಳಿ. ಮೈ ಗಟ್ಟಿಯಾಗುವವರೆಗೆ ಬಣ್ಣ ಬಲಿಯುವುದಿಲ್ಲ.

ಗಂಡಿನ ಅಂಗ

ಇಡೀ ಕೆಲಸದ ತಿರುಳು ಇಲ್ಲಿದೆ. ಹೊರಗಿನಿಂದ ಒಂದೇ ತರಹ ಕಾಣುವ ಎರಡು ಪ್ರಭೇದಗಳನ್ನು ಹೆಚ್ಚಿನ ಸಲ ಬೇರ್ಪಡಿಸುವುದು ಈಡೀಗಸ್ ಎಂಬ ಗಂಡಿನ ಸಂಯೋಗಾಂಗ. ಬರೀ ಹೆಣ್ಣುಗಳಷ್ಟೇ ಸಿಕ್ಕಿದ್ದರೆ ವಿವರಣೆ ಬರೆಯಲು ಕೂರಬೇಡಿ, ಇನ್ನೊಂದು ಮಳೆಗಾಲ ಕಾಯಿರಿ.

ಗಂಡನ್ನು ಗುರುತಿಸಲು ಹೊಟ್ಟೆಯ ಅಡಿಭಾಗ ನೋಡಿ. ಎಂಟನೇ ಅಡಿಫಲಕದ ಹಿಂಚಿನಲ್ಲಿ ಬಹುತೇಕ ಗಂಡುಗಳಿಗೆ ಕಚ್ಚು ಇರುತ್ತದೆ. ಅದರ ಆಕಾರ, ಆಳ, ಸುತ್ತಲಿನ ಕೂದಲ ಜೋಡಣೆ ಇವೇ ಆಮೇಲೆ ವಿವರಣೆಗೂ ಬೇಕು. ಒಣಗಿದ ಹುಳುವಾದರೆ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೆತ್ತಗಾದ ಮೇಲೆ ಏಳು ಮತ್ತು ಎಂಟನೇ ಖಂಡಗಳ ನಡುವಿನ ಪೊರೆಯನ್ನು ಸೂಜಿಯಿಂದ ಬಿಡಿಸಿ ತುದಿಯನ್ನು ಬೇರ್ಪಡಿಸಿ. ಅದನ್ನು 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕೋಣೆಯ ತಾಪಮಾನದಲ್ಲೇ ಕೆಲವು ಗಂಟೆ ಬಿಟ್ಟು, ಆಗಾಗ ತೆಗೆದು ನೋಡುತ್ತಿರಿ. ಬೇಗ ಆಗಲೆಂದು ಕುದಿಸುವವರಿದ್ದಾರೆ. ಕುದಿಸಿದರೆ ಸ್ನಾಯುವಿನ ಜೊತೆಗೆ ಒಳಚೀಲದ (ಅಂಗದೊಳಗಿನ ಪೊರೆಯ ಚೀಲ) ತೆಳು ರಚನೆಗಳೂ ಪಾರದರ್ಶಕವಾಗಿ, ಕಾಣಬೇಕಾದದ್ದೇ ಕಾಣದಾಗುತ್ತದೆ. ಸಾಕಷ್ಟು ತಿಳಿಯಾದಾಗ ನೀರಿನಲ್ಲಿ ತೊಳೆದು, ಒಂದು ಹನಿ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ, ಗ್ಲಿಸರಿನ್‌ಗೆ ಹಾಕಿ.

ಗ್ಲಿಸರಿನ್‌ನಲ್ಲಿ ಅಂಗವನ್ನು ಬೇಕಾದಂತೆ ಹೊರಳಿಸಬಹುದು. ಅಡಿಯಿಂದ ಒಂದು ನೋಟ, ಪಕ್ಕದಿಂದ ಒಂದು ನೋಟ, ಎರಡೂ ಕಡ್ಡಾಯ. ಗಾಜಿನ ಪಟ್ಟಿಯಿಂದ ಅಮುಕಿದರೆ ಆಕಾರ ಅಗಲವಾಗಿ, ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ನಡುಹಾಲೆಯ (ಅಂಗದ ನಡುವಿನ ಮುಖ್ಯ ಭಾಗ) ತುದಿ, ಅದರ ಎರಡು ಪಕ್ಕದ ಕಡ್ಡಿಯಂಥ ಪ್ಯಾರಾಮಿಯರ್‌ಗಳು, ಒಳಚೀಲದ ಮುಳ್ಳುಗಳು ಇಷ್ಟನ್ನೂ ಚಿತ್ರಿಸಿ. ಕಡಿಮೆಯೆಂದರೆ ಐದಾರು ಗಂಡುಗಳ ಅಂಗ ನೋಡಿದರೆ ಒಂದೇ ಪ್ರಭೇದದೊಳಗಿನ ಏರಿಳಿತ ಎಷ್ಟೆಂದು ತಿಳಿಯುತ್ತದೆ. ನೋಡಿದ ಮೇಲೆ ಅಂಗವನ್ನು ಅದೇ ಹುಳುವಿನ ಪಿನ್ನಿಗೆ, ಪಾರದರ್ಶಕ ಪಟ್ಟಿಯ ಮೇಲೆ ಯೂಪರಾಲ್ ಎಂಬ ಅಂಟಿನ ಹನಿಯಲ್ಲಿ ಕೂರಿಸಿ ಸೇರಿಸಿ. ಬೇರೆ ಸೀಸೆಯಲ್ಲಿಟ್ಟರೆ ಯಾವುದು ಯಾರದೆಂದು ಮುಂದೆ ಹೇಳುವವರಿಲ್ಲ.

ಅಳತೆ ಮತ್ತು ಚಿತ್ರ

ರೋವ್ ಜೀರುಂಡೆಯ ಒಟ್ಟು ಉದ್ದವನ್ನು ನಂಬಬೇಡಿ. ಹೊಟ್ಟೆಯ ಖಂಡಗಳು ರೇಡಿಯೋ ಏರಿಯಲ್ಲಿನಂತೆ ಒಂದರೊಳಗೊಂದು ಸರಿಯುತ್ತವೆ. ಆಲ್ಕೋಹಾಲ್‌ನಲ್ಲಿ ಉಬ್ಬಿದ ಹುಳು ಉದ್ದ, ಒಣಗಿದ್ದು ಗಿಡ್ಡ. ಅದಕ್ಕೇ ತಲೆಯ ಮುಂದಿನ ಅಂಚಿನಿಂದ ಮುಂರೆಕ್ಕೆಯ ಹಿಂಚಿನವರೆಗಿನ ‘ಮುಂಮೈ ಉದ್ದ’ವನ್ನೂ ಕೊಡುವ ವಾಡಿಕೆ. ಇದರ ಜೊತೆ ತಲೆ, ಪ್ರೊನೋಟಮ್, ಮುಂರೆಕ್ಕೆ ಮೂರರ ಉದ್ದ ಮತ್ತು ಅಗಲ, ಕಣ್ಣಿನ ಉದ್ದ, ಈಡೀಗಸ್ ಉದ್ದ. ಹಾರಲಾರದ ಹುಳುವಿಗೆ ಮುಂರೆಕ್ಕೆಯ ಉದ್ದವನ್ನು ಪ್ರೊನೋಟಮ್‌ನ ಉದ್ದದಿಂದ ಭಾಗಿಸಿದ ಅನುಪಾತ ಮುಖ್ಯ. ಕಣ್ಣುಮಸೂರದ ಮೈಕ್ರೋಮೀಟರನ್ನು ಪ್ರತಿ ಹಿಗ್ಗುವಿಕೆಗೂ ಸ್ಟೇಜ್ ಮೈಕ್ರೋಮೀಟರ್ (ಗೆರೆ ಕೊರೆದ ಗಾಜಿನ ಅಳತೆಪಟ್ಟಿ) ಇಟ್ಟು ಬೇರೆಬೇರೆಯಾಗಿ ಸರಿಹೊಂದಿಸಿ. ಜೂಮ್ ಗುಂಡಿಯನ್ನು ಅಂದಾಜಿನಲ್ಲಿ ತಿರುಗಿಸಿ ಅಳೆದ ಸಂಖ್ಯೆಗಳಿಗೆ ಬೆಲೆಯಿಲ್ಲ.

ಫೋಟೋಗೆ ಫೋಕಸ್ ಬದಲಿಸುತ್ತ ತೆಗೆದ ಹತ್ತಾರು ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದುಗೂಡಿಸಬೇಕು. ಹೊಳೆಯುವ ಮೈಯ ಮೇಲೆ ದೀಪದ ಚುಕ್ಕೆ ಬೀಳದಂತೆ ಸುತ್ತ ಟ್ರೇಸಿಂಗ್ ಪೇಪರ್ ಕಟ್ಟಿ. ಅಳತೆ ಗೆರೆ ಹಾಕುವುದನ್ನು ಮರೆಯಬೇಡಿ.

ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದುವ ಡಿಎನ್‌ಎ ತುಣುಕು) ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಪ್ಯಾರಾಟೈಪ್ (ಹೆಸರಿಗೆ ಆಧಾರವಾದ ಮುಖ್ಯ ಹುಳುವಿನ ಜೊತೆಗಿನ ಉಳಿದ ಮಾದರಿ) ಒಂದರ ನಡುಗಾಲು ಸಾಕು. ಸಿಓಐ ಎಂಬ ಜೀನಿನ 658 ಅಕ್ಷರಗಳ ತುಣುಕನ್ನು ಓದಿಸಿ ಜೆನ್‌ಬ್ಯಾಂಕ್ ಎಂಬ ಅಂತರ್ಜಾಲ ಭಂಡಾರಕ್ಕೆ ಸೇರಿಸಿ.

ಹಳೆಯ ಹೆಸರುಗಳ ಜೊತೆ ಹೋಲಿಕೆ

ಭಾರತದ ರೋವ್ ಜೀರುಂಡೆಗಳಿಗೆ ಇಂದಿಗೂ ತಳಹದಿ ಮಾಲ್ಕಂ ಕ್ಯಾಮರಾನ್ 1930ರಿಂದ 1939ರವರೆಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಗೆ ಬರೆದ ಸಂಪುಟಗಳು. ಕುಲ ಪತ್ತೆಗೆ ಅವು ಈಗಲೂ ಉಪಯುಕ್ತ. ಆದರೆ ಗಂಡಿನ ಅಂಗದ ಚಿತ್ರಗಳಿಗಾಗಿ ಅಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ. ಎರಡು ಸಾಲಿನ ಬಣ್ಣದ ವಿವರಣೆ ನಿಮ್ಮ ಹುಳುವಿಗೆ ಹೊಂದುವುದಿಲ್ಲ ಎಂಬುದನ್ನೇ ಆಧಾರ ಮಾಡಿಕೊಂಡು ‘ಹೊಸದು’ ಎನ್ನಲಾಗದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವ ಕ್ಯಾಮರಾನ್ ಸಂಗ್ರಹದ ಮೂಲ ಮಾದರಿಯ (ಪ್ರಭೇದದ ಹೆಸರಿಗೆ ಆಧಾರವಾದ ಹುಳು) ಫೋಟೋ ಕೇಳಿ ತರಿಸಬೇಕು. ಲೀ ಹರ್ಮನ್ 2001ರಲ್ಲಿ ಏಳು ಭಾಗಗಳಲ್ಲಿ ತಂದ ಜಾಗತಿಕ ಪಟ್ಟಿ ಬಹಳ ದಾರಿ ಉಳಿಸುತ್ತದೆ, ಆದರೆ ಅದರಲ್ಲಿ ಪೀಡೆರಿನೇ, ಅಲಿಯೋಕರಿನೇ, ಸೆಲಾಫಿನೇ ಉಪಕುಟುಂಬಗಳು ಇಲ್ಲ. ನಿಮ್ಮ ಹುಳು ಆ ಗುಂಪಿನದಾದರೆ ಬಿಡಿ ಲೇಖನಗಳನ್ನೇ ಜಾಲಾಡಬೇಕು. ಶ್ರೀಲಂಕಾ ಮತ್ತು ನೀಲಗಿರಿ ಬೆಟ್ಟಗಳ ಪ್ರಭೇದಗಳನ್ನು ಬಿಡಬೇಡಿ.

ಜೊತೆಗೆ ನೆರೆಯ ಬೆಟ್ಟಗಳನ್ನೂ ಜರಡಿ ಹಿಡಿಯಿರಿ. ನಂದಿಯಲ್ಲಿ ಸಿಕ್ಕಿದ್ದರೆ ಸ್ಕಂದಗಿರಿ, ಚನ್ನಗಿರಿ. ದೇವರಾಯನದುರ್ಗದಲ್ಲಿ ಸಿಕ್ಕಿದ್ದರೆ ಸಿದ್ದರಬೆಟ್ಟ, ಮಧುಗಿರಿ. ಕೋಲಾರದ ಅಂತರಗಂಗೆಯದಾದರೆ ಆವಣಿ ಬೆಟ್ಟ. ಎರಡು ಬೆಟ್ಟಗಳ ಗಂಡುಗಳ ಅಂಗದಲ್ಲಿ ಸಣ್ಣ ವ್ಯತ್ಯಾಸ ಕಂಡು, ನಡುವಿನ ಬೆಟ್ಟದ ಹುಳು ಎರಡರ ಮಧ್ಯದ ಆಕಾರ ತೋರಿದರೆ ಅದು ಒಂದೇ ಪ್ರಭೇದದ ಹರವು. ಈ ಕೆಲಸ ಬಿಟ್ಟು ಬೆಟ್ಟಕ್ಕೊಂದು ಹೆಸರಿಟ್ಟರೆ ಮುಂದೆ ಬರುವವರು ಅವನ್ನೆಲ್ಲ ಪರ್ಯಾಯ ನಾಮಗಳ ಪಟ್ಟಿಗೆ ಇಳಿಸಬೇಕಾಗುತ್ತದೆ.

ವಿವರಣೆ, ಹೆಸರು, ಪ್ರಕಟಣೆ

ಲೇಖನದ ಅನುಕ್ರಮ ಹೀಗಿರಲಿ: ಮೂಲ ಮಾದರಿಯ ಮಾಹಿತಿ, ಭೇದಲಕ್ಷಣ, ವಿವರಣೆ, ಹೆಸರಿನ ಮೂಲ, ಆವಾಸ ಮತ್ತು ಹರಡುವಿಕೆ, ಹೋಲಿಕೆಯ ಟಿಪ್ಪಣಿ. ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಮುಖ್ಯ ಮಾದರಿ, ಒಂದೇ ಹುಳು, ಸಾಧ್ಯವಾದರೆ ಗಂಡು. ಅದಕ್ಕೆ ಕೆಂಪು ಚೀಟಿ. ಉಳಿದವು ಪ್ಯಾರಾಟೈಪ್, ವಾಡಿಕೆಯಂತೆ ಹಳದಿ ಚೀಟಿ. ಚೀಟಿಗಳಲ್ಲಿ ಬರೆದದ್ದನ್ನು ಅಕ್ಷರಶಃ ಲೇಖನಕ್ಕೆ ಇಳಿಸಿ.

ಭೇದಲಕ್ಷಣದಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಮೈ ಕಂದು, ಮಧ್ಯಮ ಗಾತ್ರ, ರೆಕ್ಕೆಯಿಲ್ಲ’ ಎಂಬುದು ಯಾವ ಹುಳುವನ್ನೂ ಯಾವುದರಿಂದಲೂ ಬೇರ್ಪಡಿಸುವುದಿಲ್ಲ. ಹತ್ತಿರದ ಪ್ರಭೇದದ ಹೆಸರು ಹೇಳಿ, ಅದರಲ್ಲಿ ಎಂಟನೇ ಅಡಿಫಲಕದ ಕಚ್ಚು ಹೇಗಿದೆ, ಇದರಲ್ಲಿ ಹೇಗಿದೆ, ಅದರ ನಡುಹಾಲೆಯ ತುದಿ ಎತ್ತ ಬಾಗಿದೆ, ಇದರದ್ದು ಎತ್ತ ಎಂದು ಎದುರುಬದುರಾಗಿ ಬರೆಯಿರಿ. ಬೇರ್ಪಡಿಸುವ ಲಕ್ಷಣವನ್ನು ಮಾತಿನಲ್ಲೇ ಹೇಳಬೇಕೆಂಬುದು ಪ್ರಾಣಿನಾಮಕರಣ ಸಂಹಿತೆಯ ನಿಯಮ. ಬರೀ ಚಿತ್ರ ಕೊಟ್ಟರೆ ಹೆಸರು ಊರ್ಜಿತವಾಗದು.

1999ರಲ್ಲಿ ಬಂದ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ಹೊಸದೆಂದು ಸ್ಪಷ್ಟವಾಗಿ ಸೂಚಿಸಿರಬೇಕು, ಮೂಲ ಮಾದರಿ ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ಹೇಳಿರಬೇಕು. ಊರ ಹೆಸರಿಗೆ ‘ಎನ್ಸಿಸ್’ ಸೇರಿಸುವುದು ರೂಢಿ. ಕುಲದ ಹೆಸರು ನಪುಂಸಕ ಲಿಂಗವಾದರೆ ಅದು ‘ಎನ್ಸೆ’ ಆಗುತ್ತದೆ: ಸ್ಟೀನಸ್ ಪುಲ್ಲಿಂಗ, ಲ್ಯಾಥ್ರೋಬಿಯಂ ನಪುಂಸಕ. ಅದೇ ಕುಲದಲ್ಲಿ ಅದೇ ಹೆಸರು ಮೊದಲೇ ಇದೆಯೇ ನೋಡಿ. ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದು ನಿಯಮಬಾಹಿರವಲ್ಲ, ಆದರೆ ನಗೆಪಾಟಲು.

ಪ್ರಕಟಣೆಗೆ ತಜ್ಞರ ಪರಿಶೀಲನೆ ಇರುವ ನಿಯತಕಾಲಿಕ ಆರಿಸಿ. ಜೂಟ್ಯಾಕ್ಸಾ ಎಂಬ ಪತ್ರಿಕೆಯಲ್ಲಿ ಮುಕ್ತ ಪ್ರವೇಶ (ಯಾರಾದರೂ ಉಚಿತವಾಗಿ ಓದುವ ವ್ಯವಸ್ಥೆ) ಬೇಡವೆಂದರೆ ಲೇಖಕರು ಹಣ ಕಟ್ಟಬೇಕಿಲ್ಲ. ಮುದ್ರಣವಿಲ್ಲದೆ ಅಂತರ್ಜಾಲದಲ್ಲಷ್ಟೇ ಬರುವ ಪತ್ರಿಕೆಯಾದರೆ ಆ ಲೇಖನ ಜೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ದಾಖಲೆ ತಾಣದಲ್ಲಿ ನೋಂದಣಿಯಾಗಿ, ನೋಂದಣಿಯ ಪುರಾವೆ ಲೇಖನದಲ್ಲೇ ಅಚ್ಚಾಗಿರಬೇಕು. 2012ರ ತಿದ್ದುಪಡಿಯಿಂದ ಬಂದ ನಿಯಮವಿದು. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆಗಳು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ಆಗ ನಿಮ್ಮ ಹೆಸರು ಕಾನೂನಿನ ಲೆಕ್ಕದಲ್ಲಿ ಹುಟ್ಟಿಯೇ ಇರುವುದಿಲ್ಲ. ಲೇಖನ ಅಚ್ಚಾಗುವ ಮೊದಲು ಹೆಸರನ್ನು ಪತ್ರಿಕಾಗೋಷ್ಠಿಯಲ್ಲಾಗಲಿ, ವಾಟ್ಸಾಪ್‌ನಲ್ಲಾಗಲಿ ಹೇಳಬೇಡಿ.

ಲೇಖನ ಬಂದ ಮೇಲೆ ಹೋಲೋಟೈಪ್ ಭಂಡಾರ ತಲುಪಿದ ಸ್ವೀಕೃತಿ ಪತ್ರ ಮತ್ತು ದಾಖಲೆ ಸಂಖ್ಯೆ ಇಟ್ಟುಕೊಳ್ಳಿ. ಪ್ಯಾರಾಟೈಪ್‌ಗಳನ್ನು ಒಂದೇ ಕಡೆ ಇಡದೆ ಬೆಂಗಳೂರಿನ ಒಂದೆರಡು ಸಂಸ್ಥೆಗಳ ಸಂಗ್ರಹಗಳಿಗೂ ಹಂಚಿ. ಲೇಖನದ ಪ್ರತಿಯನ್ನು ಅನುಮತಿ ಕೊಟ್ಟ ಅರಣ್ಯ ಕಚೇರಿಗೆ ಕಳಿಸಿ, ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆದು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಕೊಡಿ.